ಏಕಾಂತಯ್ಯನ ಕೈಗೊಂದು ಕಾರ್ಡು

ಹಿನಕಲ್, ಇಲವಾಲ ದಾಟಿ ಹುಣಸೂರಿಗೆ ಹೋಗುತ್ತಿದ್ದ ಖಾಸಗಿ ಬಸ್ಸಿಗೆ ಏಕಾಂತಯ್ಯ ಡ್ರೈವರಾಗಿದ್ದ ಕಾಲದಲ್ಲಿ, ಹಣೆಯ ವಿಭೂತಿ ಬೆವರಿಗೆ ಅಳಿಸಿಹೋದರೂ ಅವನ ಒಂದು ವ್ರತ ಮಾತ್ರ ಕೆಡುತ್ತಿರಲಿಲ್ಲ. ಕಂಡಕ್ಟರ್ ದೇವಯ್ಯ ಸೀಟಿ ಊದಿ "ರೈಟ್" ಅನ್ನದೆ ಬಸ್ಸನ್ನು ಒಂದು ಗೇಣೂ ಮುಂದಕ್ಕೆ ಬಿಡುತ್ತಿರಲಿಲ್ಲ. ಹತ್ತುತ್ತಿರುವಾಗಲೇ ಬಸ್ಸು ಹೊರಟು ಮುದುಕಿಯೊಬ್ಬಳು ಜಾರಿ ಬಿದ್ದದ್ದನ್ನು ಕಂಡಮೇಲೆ ಹಿಡಿದ ಹಟ ಅದು. ನೆಂಟರ ಮದುವೆಗೆಂದು ಮ್ಯಾಟಡೋರ್ ಓಡಿಸಿದರೂ ಹೆಂಡತಿ ಸಿದ್ದಲಿಂಗಮ್ಮ ಹಿಂದಿನ ಸೀಟಿನಿಂದ "ರೈಟ್" ಅನ್ನಬೇಕಿತ್ತು. "ನನ್ ಕೊರಳಿಗೆ ತಾಳಿ ಕಟ್ಟಿದ್ರೋ, ಸೀಟಿ ಕಟ್ಟಿದ್ರೋ" ಎಂದು ಅವಳು ನಗುತ್ತಿದ್ದಳು.

ಎರಡು ಸಾವಿರದ ನಾಲ್ಕರ ಮಳೆಗಾಲದಲ್ಲಿ ಲಕ್ವ ಹೊಡೆದು ಅವನ ಬಲಗೈ ಬಿದ್ದುಹೋಯಿತು. ಅಶೋಕಪುರಂನ ಮನೆಯ ಜಗಲಿಯೇ ಡಿಪೋ ಆಯಿತು. ಎಣ್ಣೆ ನೀವಿದರೂ ಬಗ್ಗದ ಬೆರಳುಗಳನ್ನು ಸಿದ್ದಲಿಂಗಮ್ಮ ಅವರೆ ಕಾಲ ಬಂದಾಗ ಕಾಳು ಹಿದುಕುವುದಕ್ಕೆ ಹಚ್ಚಿದಳು. ನೆನೆದ ಕಾಳನ್ನು ಎರಡು ಬೆರಳ ನಡುವೆ ಒತ್ತಿದರೆ ಸಿಪ್ಪೆ ಕೈಯಲ್ಲುಳಿದು ಬೇಳೆ ಬೋಗುಣಿಗೆ ಹಾರಬೇಕು. ಮೊದಮೊದಲು ಕಾಳು ಸಿಪ್ಪೆ ಸಮೇತ ನೆಲಕ್ಕೆ ಜಾರುತ್ತಿತ್ತು. ಸಂಕ್ರಾಂತಿ ಹೊತ್ತಿಗೆ ಟಪ್ಪನೆ ಹಾರತೊಡಗಿತು. ಆ ಸದ್ದು ಕೇಳಲೆಂದೇ ಅವಳು ಒಲೆ ಬಿಟ್ಟು ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದಳು.

ಮಗ ಅಮರೇಶ್ ಜೆರಾಕ್ಸ್ ಅಂಗಡಿಯಲ್ಲಿ ಟೈಪಿಂಗ್ ಕೆಲಸದವನು. ಅಪ್ಪನ ಕೈ ಚೇತರಿಸುತ್ತಿರುವುದನ್ನು ಕಂಡು, ಮುಚ್ಚಿಹೋದ ಗೇಮ್ ಅಂಗಡಿಯೊಂದರಿಂದ ಹಳೆಯ ಸ್ಟೀರಿಂಗ್, ಕಾಲಿನ ಪೆಡಲು ತಂದು ಮನೆಯ ಕಂಪ್ಯೂಟರಿಗೆ ಜೋಡಿಸಿ, ಕಾರ್ ರೇಸಿನ ಆಟ ಹಾಕಿದ. ಆಕ್ಸಿಲೇಟರನ್ನು ಮಾತ್ರ ಪೆಡಲಿನ ಬದಲು ತಾನೇ ಕೀ ಒತ್ತಿ ನೋಡಿಕೊಂಡ. ಏಕಾಂತಯ್ಯ ಸ್ಟೀರಿಂಗ್ ತಿರುಗಿಸಿದರೆ ಪರದೆಯ ಕಾರು ತುಸು ತಡೆದು, ಕುಪ್ಪಳಿಸಿ, ಗೋಡೆಗೆ ಗುದ್ದಿತು. ಮತ್ತೆ ತಿರುಗಿಸಿದ, ಮತ್ತೆ ಗುದ್ದಿತು. ಅವನು ಎಡಗೈಯಿಂದ ಬಲಗೈಯನ್ನೆತ್ತಿ ತೊಡೆಯ ಮೇಲಿಟ್ಟುಕೊಂಡ.

"ನಾನು ತಿರುಗ್ಸಿ ಎಷ್ಟೊತ್ತಿಗೋ ಅದು ತಿರುಗ್ತದೆ. ಕೈ ಸತ್ತೋಗದೆ, ಬುಡು."

"ಕೈಯಲ್ಲ ಕಣಪ್ಪ, ಮಿಷನ್ನೇ ನಿಧಾನ. ಇದ್ರಲ್ಲಿ ಚಿತ್ರ ಓಡ್ಸೋ ಗ್ರಾಫಿಕ್ಸ್ ಕಾರ್ಡೇ ಇಲ್ಲ."

"ನಂಗೆ ಸಮಾಧಾನ ಹೇಳ್ಬೇಡ."

ಮಾರನೆಯ ದಿನ ಅವರೆಕಾಳಿನ ಬೋಗುಣಿಯನ್ನೂ ಪಕ್ಕಕ್ಕೆ ತಳ್ಳಿದ. ಸಿದ್ದಲಿಂಗಮ್ಮ ಬೋಗುಣಿ ಎತ್ತಿಟ್ಟಳು. ಇಷ್ಟು ಕಷ್ಟಪಟ್ಟು ಬಿಡಿಸಿದ ಬೆರಳು ಮತ್ತೆ ಮುದುಡಿಕೊಂಡರೆ? "ಅದೇನೋ ಕಾರ್ಡು ಅಂದ್ಯಲ್ಲ, ನಡಿ" ಎಂದು ಮಗನನ್ನು ಹೊರಡಿಸಿದಳು.

ಬಿಡಿಭಾಗದ ಅಂಗಡಿಯ ವಿಜಯ್‌ಕುಮಾರ್ ಎರಡು ಕಾರ್ಡು ಮುಂದಿಟ್ಟ. ಬೆಲೆ ಒಂದೇ. ಒಂದರ ಮೆಮೊರಿ ಇನ್ನೂರೈವತ್ತಾರು ಎಂಬಿ, ಇನ್ನೊಂದರದು ನೂರಿಪ್ಪತ್ತೆಂಟು. ಅಮರೇಶನ ಕೈ ದೊಡ್ಡ ನಂಬರಿನ ಡಬ್ಬಿಯತ್ತಲೇ ಹೋಯಿತು. ಗೆಳೆಯರೆಲ್ಲ ಅದನ್ನೇ ಹೊಗಳಿದ್ದರು.

"ದೊಡ್ದೇ ಕೊಡಪ್ಪ," ಎಂದಳು ಸಿದ್ದಲಿಂಗಮ್ಮ. "ಇನ್ನೊಂದ್ಸಲ ಅದು ತಡವರಿಸ್ತು ಅಂದ್ರೆ ಅವರು ಜನ್ಮದಲ್ಲಿ ಸ್ಟೀರಿಂಗ್ ಮುಟ್ಟಲ್ಲ."

"ನಿಮ್ಮನೇಲಿರೋದು ಹದಿನೈದಿಂಚಿನ ಪರದೆ ತಾನೇ?" ಎಂದ ವಿಜಯ್‌ಕುಮಾರ್. "ಮೆಮೊರಿ ಅಂದ್ರೆ ಬಸ್ಸಿನ ಸೀಟಿದ್ದಂಗೆ ಕಣಮ್ಮ. ದೊಡ್ಡ ಪರದೆಗೆ, ಸೂಕ್ಷ್ಮ ಚಿತ್ರಕ್ಕೆ ಜಾಸ್ತಿ ಸೀಟು ಬೇಕು. ನಿಮ್ಮ ಪರದೆಗೆ ನೂರಿಪ್ಪತ್ತೆಂಟು ಧಾರಾಳ. ಈ ದೊಡ್ಡ ನಂಬರಿನದ್ರಲ್ಲಿ ಸೀಟು ಬೇಜಾನ್, ಚಿತ್ರ ಓಡ್ಸೋ ಇಂಜಿನ್ ಮಾತ್ರ ಸೊರಗಿರೋದು. ಚಿಕ್ಕದಕ್ಕೆ ಇಂಜಿನ್ ಗಟ್ಟಿ."

ಅವಳಿಗೆ ಗಂಡನ ಬಸ್ಸಿನ ಓನರು ಹಿಂದೊಮ್ಮೆ ತಂದ ಉದ್ದದ ಬಸ್ಸು ನೆನಪಾಯಿತು. ಅರ್ಧ ಸೀಟು ಖಾಲಿ. ದಿಣ್ಣೆ ಹತ್ತುವಾಗ ಏದುಸಿರು. ಏಕಾಂತಯ್ಯ ಅದಕ್ಕೆ ಹಾಕದ ಶಾಪವಿರಲಿಲ್ಲ.

"ಅಮರೇಶ, ಚಿಕ್ಕದೇ ತಗೋ" ಎಂದಳು. ಅಂದಳೇ ಹೊರತು, ಮನೆ ಮುಟ್ಟುವವರೆಗೂ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಶಿವಶಿವಾ ಅನ್ನುತ್ತಲೇ ಇದ್ದಳು.

ಕಾರ್ಡು ಕೂರಿಸಿದ್ದಾಯಿತು. ಹೆಂಡತಿ ಕಾಡಿದ್ದಕ್ಕೆ ಏಕಾಂತಯ್ಯ ಬಂದು ಕೂತ. "ಈ ಸಲ ನೀನೇನೂ ಮುಟ್ಬೇಡ. ಕಾಲೂ ನಂದೇ, ಕೈಯೂ ನಂದೇ" ಎಂದು ಮಗನಿಗೆ ಹೇಳಿದ. ಹಸಿರು ದೀಪ ಬಂತು. ಉಳಿದ ಕಾರುಗಳೆಲ್ಲ ಭರ್ರೆಂದು ಹೋದವು. ಇವನದು ಮಾತ್ರ ನಿಂತಲ್ಲೇ ನಿಂತಿತು.

"ಅವ್ವಾ, ಕಾರ್ಡು ಕೈ ಕೊಡ್ತು ಕಣವ್ವ," ಎನ್ನುತ್ತ ಅಮರೇಶ್ ಕಂಪ್ಯೂಟರಿನ ಪೆಟ್ಟಿಗೆಯತ್ತ ಬಗ್ಗಿದ.

ಸಿದ್ದಲಿಂಗಮ್ಮ ಪರದೆ ನೋಡಲಿಲ್ಲ, ಗಂಡನನ್ನು ನೋಡಿದಳು. ಕಾಲು ಆಕ್ಸಿಲೇಟರಿನ ಮೇಲೆ ಹಗುರವಾಗಿತ್ತು. ಕತ್ತು ಕೊಂಚ ವಾಲಿ, ಕಿವಿ ಹಿಂದಕ್ಕಿತ್ತು. ಅವಳಿಗೆ ನಗು, ಅಳು ಒಟ್ಟಿಗೇ ಬಂತು.

"ಅಯ್ಯೋ ನಿಮ್ಮ! ರೈಟ್! ರೈಟ್ ಕಣ್ರೀ!"

ಕಾರು ಹೊರಟಿತು. ತಿರುವು ಬಂತು. ಬಲಗೈ ಎಳೆದ ಹಾಗೆಯೇ, ಎಳೆದ ಕ್ಷಣಕ್ಕೇ ಕಾರು ಹೊರಳಿತು. ಮುಂದಿನ ತಿರುವಿನಲ್ಲಿ ಅವನು ಬಾಯಲ್ಲೇ "ಪೊಂವ್" ಎಂದು ಹಾರನ್ ಹೊಡೆದ.

"ಲಾಸ್ಟ್ ಬಂದ್ಬುಟ್ಟೆಯಲ್ಲಪ್ಪ!"

"ಮಿಕ್ಕೋರು ಪ್ಯಾಸೆಂಜರ್ ಹತ್ತಿಸ್ಕೊಳ್ದೆ ಓಡ್ಬುಟ್ರು ಕಣೋ," ಎಂದ ಏಕಾಂತಯ್ಯ. ಆಮೇಲೆ ಬಲಗೈಯನ್ನು ಮೇಲೆತ್ತಿ, ತಿರುಗಿಸಿ ತಿರುಗಿಸಿ ನೋಡಿಕೊಂಡ.

"ಏನೇ, ಅವರೆಕಾಳು ನೆನೆಹಾಕಿದ್ದೀಯಾ?"

"ದಿನಾ ಹಾಕ್ತಾನೇ ಇದೀನಿ," ಎಂದು ಸಿದ್ದಲಿಂಗಮ್ಮ ಬೋಗುಣಿ ತಂದು ಅವನ ಬಲಕ್ಕಿಟ್ಟಳು.