ಬರಿಮೈ ದಂಡಿನ ದರ್ಜಿ

ಅವರ ಎಡಗೈ ತೋರುಬೆರಳಿನ ಉಗುರು ನಟ್ಟನಡುವೆ ಸೀಳಿ ಎರಡಾಗಿ ಬೆಳೆಯುತ್ತಿತ್ತು. ಎಂದೋ ಹೊಲಿಗೆ ಮಿಷನ್ನಿನ ಸೂಜಿ ಆ ಉಗುರನ್ನು ತೂರಿ ಆಚೆ ಹೋಗಿತ್ತಂತೆ. ಬಟ್ಟೆಯ ಮೇಲೆ ಬೆರಳಾಡಿಸುವಾಗ ಸೀಳಿಗೆ ನೂಲು ಸಿಕ್ಕಿ ಸಣ್ಣದೊಂದು ಸದ್ದು ಬರುತ್ತಿತ್ತು. ಪುತ್ತೂರಿನ ಪೇಟೆಯಲ್ಲಿ ಎಲ್ಲರೂ ಅವರನ್ನು ಟೈಲರ್ ಸಾಹೇಬರು ಎನ್ನುತ್ತಿದ್ದರು. ಹುಟ್ಟೂರು ಕೆದಂಬಾಡಿ, ಮನೆಮಾತು ಕರಾವಳಿ ಮುಸ್ಲಿಮರ ಬ್ಯಾರಿ. ದೊಡ್ಡ ಯುದ್ಧದ ಕಾಲದಲ್ಲಿ ಮಿಲಿಟರಿ ದರ್ಜಿಯಾಗಿ ಬರ್ಮಾ ಗಡಿಯವರೆಗೆ ಹೋಗಿ ಬಂದವರು.

ಐವತ್ತರ ದಶಕದ ಕೊನೆಗೆ ನಾನು ಸುಳ್ಯದ ಕಡೆಯಿಂದ ಬಂದು ಅಲ್ಲಿನ ಶಾಲೆಯೊಂದಕ್ಕೆ ಟೀಚರಾಗಿ ಸೇರಿದೆ. ಅಳತೆಗೆ ಹಳೆಯ ರವಿಕೆ ಕೊಡಲು ಅಂಗಡಿಗೆ ಹೋದ ದಿನ, ಒಳಗಿನ ಪರದೆ ಸರಿದು ಅಗಲವಾದ ಹಲಗೆಯೊಂದು ಕಂಡಿತು. ಅದರ ಮೇಲೆ ಮಣ್ಣಿನ ಗುಡ್ಡ, ಸುಣ್ಣದಲ್ಲಿ ಎಳೆದ ಹೊಳೆ. ಒಂದು ಬದಿಗೆ ಬೆರಳುದ್ದದ ಮರದ ಸಿಪಾಯಿಗಳು: ಕೆಂಪು ಕೋಟು, ಎದೆಯ ಮೇಲೆ ಅಡ್ಡಡ್ಡ ಬಿಳಿ ಪಟ್ಟಿ, ಸಾಸಿವೆಗಿಂತ ಸಣ್ಣ ಗುಂಡಿಗಳು. ಇನ್ನೊಂದು ಬದಿಗೆ ಮೂವತ್ತು ಗೊಂಬೆ. ಎಲ್ಲವೂ ಬರಿಮೈ.

"ಇವರಿಗೆ ಯಾಕೆ ಬಟ್ಟೆ ಇಲ್ಲ ಸಾಹೇಬರೆ?" ಎಂದೆ.

"ಎಂತ ಹಾಕುದು ಅಂತ ಗೊತ್ತಿಲ್ಲ ಟೀಚರೇ. ಇವರು ನಿಮ್ಮ ಸುಳ್ಯದ ಕಡೆಯವರು."

ನೂರಿಪ್ಪತ್ತು ವರ್ಷ ಹಿಂದೆ ನಮ್ಮ ಕಡೆಯ ಒಕ್ಕಲುಗಳು ಕಂಪೆನಿ ಸರಕಾರದ ಮೇಲೆ ಎದ್ದು ಮಂಗಳೂರಿನವರೆಗೆ ನಡೆದದ್ದು, ಕೆಲವೇ ದಿನಗಳಲ್ಲಿ ಚದುರಿ ಹೋದದ್ದು, ಸಿಕ್ಕವರನ್ನು ಗಲ್ಲಿಗೇರಿಸಿದ್ದು ನನಗೆ ಗೊತ್ತಿತ್ತು. ಆಲೆಟ್ಟಿಯ ನಮ್ಮ ಮನೆಯಿಂದಲೂ ಒಬ್ಬರು ಹೋಗಿದ್ದರು. ಅವರ ಹೆಸರನ್ನು ಮಾತ್ರ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಗೊಂಬೆಗಳ ಈ ಯುದ್ಧದಾಟ ಸಾಹೇಬರಿಗೆ ಹತ್ತಿದ್ದು ಮಿಲಿಟರಿಯಲ್ಲಿ. ಅಲ್ಲೊಬ್ಬ ಇಂಗ್ಲಿಷ್ ಅಧಿಕಾರಿ ಮೇಜಿನ ಮೇಲೆ ಸೀಸದ ಸಿಪಾಯಿಗಳನ್ನು ನಿಲ್ಲಿಸಿ, ದಾಳ ಎಸೆದು, ಹಳೆಯ ಯುದ್ಧಗಳನ್ನು ಆಡುತ್ತಿದ್ದನಂತೆ. ಸಾಹೇಬರು ದಾಳದ ಬದಲು ಕವಡೆ ಹಿಡಿದರು. ಶುಕ್ರವಾರ ಮಧ್ಯಾಹ್ನ ಅಂಗಡಿಗೆ ರಜೆ. ಆಗ ಒಬ್ಬರೇ ಕೂತು ಎರಡೂ ಕಡೆಯ ಪರವಾಗಿ ಆಡುವರು. ಕೋವಿ ಇದ್ದವನಿಗೆ ಇಷ್ಟು ಕವಡೆ, ಬರೀ ಕತ್ತಿ ಹಿಡಿದವನಿಗೆ ಇಷ್ಟು ಎಂದು ಲೆಕ್ಕ. ಬರಿಮೈ ದಂಡು ಪ್ರತಿ ವಾರ ಸೋಲುತ್ತಿತ್ತು.

"ಒಂದೆರಡು ಕೋವಿ ಜಾಸ್ತಿ ಕೊಡಿ ಮಾರಾಯ್ರೆ, ಒಮ್ಮೆಯಾದರೂ ಗೆಲ್ಲಲಿ," ಎಂದೆ ಒಮ್ಮೆ ತಮಾಷೆಗೆ.

ಅವರು ನಗಲಿಲ್ಲ. "ಇಲ್ಲದ್ದನ್ನು ಕೊಟ್ಟರೆ ಸತ್ತವರಿಗೆ ಮೋಸ. ಕೊಂದವರ ಕೋಟಿಗೆ ಗುಂಡಿ ಎಷ್ಟು ಅಂತ ಪುಸ್ತಕದಲ್ಲಿ ಉಂಟು. ಸತ್ತವರ ಮೈಮೇಲೆ ಎಂತ ಇತ್ತು ಅಂತ ಒಬ್ಬನೂ ಬರೆದಿಲ್ಲ."

ಅದನ್ನು ಹುಡುಕಿಕೊಂಡು ಅವರು ಭಾನುವಾರ ಬಸ್ಸು ಹತ್ತುತ್ತಿದ್ದರು. ಸುಳ್ಯ, ಕಡಬ, ಸವಣೂರು, ಎಲ್ಲಿ ಮುದುಕರಿದ್ದಾರೆ ಎಂದು ಸುದ್ದಿ ಸಿಕ್ಕಿತೋ ಅಲ್ಲಿಗೆ. ಹೆಚ್ಚಿನವರು ಬಾಯಿ ಬಿಡಲಿಲ್ಲ. ಬ್ಯಾರಿಗೆ ಈ ಉಸಾಬರಿ ಎಂತಕ್ಕೆ ಎಂದು ಕೆಲವರು ಎದುರೇ ಕೇಳಿದರು. ಕೊನೆಗೆ, ನಾನು ರಜೆಯಲ್ಲಿ ಊರಿಗೆ ಹೋಗಿದ್ದಾಗ, ಆಲೆಟ್ಟಿಗೂ ಬಂದರು.

ನನ್ನ ಅಜ್ಜಿಗೆ ಆಗ ಎಂಬತ್ತು ದಾಟಿತ್ತು. ನಮ್ಮ ಮನೆಮಾತು ಅರೆಭಾಷೆಯಲ್ಲಿ ಒಂದೇ ಮಾತು ಹೇಳಿ ಮುಖ ತಿರುಗಿಸಿದರು. "ನಂಗೆ ಎಂಥದ್ದೂ ಗೊತ್ತಿಲ್ಲೆ."

ಸಾಹೇಬರು ಒತ್ತಾಯಿಸಲಿಲ್ಲ. ಜಗಲಿಯಲ್ಲಿ ಅಜ್ಜಿಯ ಹರಿದ ಕಂಬಳಿ ಬಿದ್ದಿತ್ತು. ಅದನ್ನು ಎಳೆದುಕೊಂಡು, ಕಿಸೆಯಿಂದ ಸೂಜಿ ತೆಗೆದು ಹೊಲಿಯತೊಡಗಿದರು. ಹೊಲಿಯುತ್ತಾ, ಯಾರಿಗೆಂದಿಲ್ಲದೆ, ಬರ್ಮಾ ಗಡಿಯ ಸಂಗತಿ ಹೇಳಿದರು. ಸತ್ತ ಸಿಪಾಯಿಗಳ ಅಂಗಿಗಳನ್ನು ಒಗೆದು ಒಣಗಿಸಿ ಮೂಟೆಯಲ್ಲಿ ತರುತ್ತಿದ್ದರು. ಗುಂಡು ಹೊಕ್ಕ ತೂತಿಗೆ ತೇಪೆ ಹಾಕಿ ಹೊಸ ಹುಡುಗರಿಗೆ ಕೊಡುವುದು ಅವರ ಕೆಲಸ.

"ಒಂದು ಅಂಗಿ ಮೂರು ಸಲ ಬಂತು ಅಮ್ಮಾ. ಎರಡು ತೇಪೆ ನಾನೇ ಹಾಕಿದ್ದು. ನನ್ನ ಹೊಲಿಗೆ ನನಗೆ ಗೊತ್ತಾಗುದಿಲ್ಲವಾ? ಪಕ್ಕದಲ್ಲಿ ಮೂರನೆಯ ತೂತು. ಮೂವರ ಹೆಸರೂ ನನಗೆ ಗೊತ್ತಿಲ್ಲ. ಈಗಲೂ ಬಿಳಿ ಬಟ್ಟೆ ಕತ್ತರಿಸುವಾಗ ತೂತು ಕಾಣುತ್ತದೆ. ಕೈ ಇಟ್ಟು ನೋಡಿದರೆ ಇರುದಿಲ್ಲ."

ಅಜ್ಜಿ ಈ ಕಡೆ ತಿರುಗಿ ಅವರ ಹೊಲಿಯುವ ಕೈಯನ್ನು ನೋಡಿದರು. ಮತ್ತೆ, ತಮ್ಮ ಅತ್ತೆ ಹೇಳಿದ್ದೆಂದು, ಅರೆಭಾಷೆಯಲ್ಲೇ ನಿಧಾನವಾಗಿ ಹೇಳಿದರು. ದಂಡಿನ ಗಂಡಸರು ಗದ್ದೆಗೆ ಹೋಗುವ ಬಟ್ಟೆಯಲ್ಲೇ ಹೋದರು: ಸೊಂಟಕ್ಕೊಂದು ತುಂಡು, ಹೆಗಲಿಗೆ ಕಂಬಳಿ, ತಲೆಗೆ ಅಡಕೆ ಹಾಳೆಯ ಟೊಪ್ಪಿ. ಬೇರೆ ಇದ್ದರಲ್ಲವೇ ಹಾಕುವುದು? ಹೊರಡುವಾಗ ಹೆಂಗಸರು ತಮ್ಮ ಸೀರೆಯ ಅಂಚು ಹರಿದು ಗಂಡಸರ ತೋಳಿಗೆ ಕಟ್ಟಿದರು. ಹೆಣ ಸಿಕ್ಕಿದರೆ ಗುರುತಿಗೆ. ಮುಂದೆ ಸರಕಾರದವರು ಮನೆಮನೆ ಹುಡುಕುತ್ತಾರೆಂದು ಹೆದರಿ, ಅಂಚು ಹರಿದ ಆ ಸೀರೆಗಳನ್ನೂ ತಿರುಗಿ ಬಂದವರ ಬಟ್ಟೆಯನ್ನೂ ಅದೇ ಹೆಂಗಸರು ಒಲೆಗೆ ಹಾಕಿದರು. ಹೆಸರನ್ನೂ ನುಂಗಿಕೊಂಡರು.

ಹೇಳಿ ಮುಗಿಸಿ ಅಜ್ಜಿ ತಾವು ಉಟ್ಟ ಸೀರೆಯ ಸೆರಗಿನಿಂದ ಒಂದು ಎಳೆ ಅಂಚು ಹರಿದು ಅವರ ಕೈಗೆ ಕೊಟ್ಟರು.

ಆ ವರ್ಷವಿಡೀ ಸಾಹೇಬರು ಮೊದಲು ಹೋಗಿದ್ದ ಮನೆಗಳಿಗೆ ಮತ್ತೆ ಹೋದರು. ಈ ಸಲ ಹೆಂಗಸರನ್ನು ಕೇಳಿದರು. ಬಾಯಿ ಬಿಡದಿದ್ದ ಮನೆಗಳು ಒಂದೊಂದಾಗಿ ಅಂಚಿನ ಚೂರು ಕೊಟ್ಟವು. ಗೊಂಬೆಗಳಿಗೆ ಕಂಬಳಿ ಬಂತು, ಹಾಳೆ ಟೊಪ್ಪಿ ಬಂತು, ಮೂರನ್ನು ಬಿಟ್ಟು ಉಳಿದವುಗಳ ತೋಳಿಗೆ ಬೇರೆ ಬೇರೆ ಬಣ್ಣ ಬಂತು. ಆಮೇಲೊಂದು ಶುಕ್ರವಾರ ಆಟ ನೋಡಲು ಹೋದೆ. ಕವಡೆ ಕೈಯಲ್ಲಿ ಹಿಡಿದು ಸುಮ್ಮನೆ ಕೂತಿದ್ದರು.

"ಇನ್ನು ಆಡುದಿಲ್ಲ ಟೀಚರೇ. ಈಗ ಇವರಿಗೆ ಮನೆ ಉಂಟು. ಸಾಯಲಿಕ್ಕೆ ಹೇಗೆ ಕಳಿಸುದು?"

ಅಂದಿನಿಂದ ಅವರು ಗೊಂಬೆಗಳನ್ನು ಚೀಲದಲ್ಲಿಟ್ಟು ಆಯಾ ಮನೆಗೆ ಮುಟ್ಟಿಸತೊಡಗಿದರು. ನಮ್ಮ ಮನೆಗೂ ತಂದರು. ಅಜ್ಜಿ ಅದನ್ನು ಮಡಿಲಲ್ಲಿಟ್ಟುಕೊಂಡು, ನಾನು ಹುಟ್ಟಿದ ಮೇಲೆ ಮೊದಲ ಸಲ, ಆ ಹೆಸರು ಹಿಡಿದು ಕರೆದರು. ಮರುವರ್ಷದಿಂದ ಹಿರಿಯರಿಗೆ ಬಡಿಸುವ ದಿನ ನಮ್ಮಲ್ಲಿ ಒಂದು ಎಲೆ ಹೆಚ್ಚಾಯಿತು.

ನನಗೆ ಕಡಬಕ್ಕೆ ವರ್ಗವಾಯಿತು. ಅರವತ್ತರ ದಶಕದ ನಡುವೆ ಒಂದು ದಿನ ಸಾಹೇಬರು ಎದೆನೋವಿನಿಂದ ತೀರಿಕೊಂಡರೆಂದು ಗೊತ್ತಾಯಿತು. ಮನೆಗೆ ಹೋದಾಗ ಅವರ ಹೆಂಡತಿ ಮೂರು ಗೊಂಬೆ ತಂದು ನನ್ನ ಮುಂದಿಟ್ಟರು. "ಇವರ ಮನೆ ಅವರಿಗೆ ಸಿಕ್ಕಲಿಲ್ಲ. ನಿಮಗೆ ಕೊಡಲಿಕ್ಕೆ ಹೇಳಿದ್ದರು."

ಕಡಬದ ಹಳ್ಳಿಗಳಲ್ಲಿ ಶಾಲೆಮಕ್ಕಳ ತಾಯಂದಿರನ್ನು ಕೇಳುತ್ತಾ ಹೋದೆ. ಎರಡಕ್ಕೆ ಮನೆ ಸಿಕ್ಕಿತು. ಇನ್ನೊಂದು ನನ್ನ ಬಳಿಯೇ ಉಳಿಯಿತು. ಬೆಳಿಗ್ಗೆ ಎದ್ದು ನೋಡಿದರೆ ಕೆಲವೊಮ್ಮೆ ಅದರ ಮುಖ ಬಾಗಿಲಿನ ಕಡೆಗಿರುತ್ತದೆ. ಗುಡಿಸುವವಳ ಕೈ ತಾಗಿರಬಹುದು, ನಾನು ವಿಚಾರಿಸಿಲ್ಲ. ಎಷ್ಟೋ ಸಲ ನನ್ನದೇ ಸೀರೆಯ ಅಂಚು ಹರಿದು ಅದರ ತೋಳಿಗೆ ಕಟ್ಟೋಣ ಎನಿಸಿದ್ದುಂಟು. ಕಟ್ಟಲಿಲ್ಲ. ಅದು ಅವನ ಮನೆಯವರ ಕೆಲಸ.