ಕಣ ಬಳಸಿ ಬಂದವನು

ಆಗ ನಮ್ಮೂರಿಗೆ ಓಟು ಕೇಳುವವರು ನಡೆದೇ ಬರುತ್ತಿದ್ದರು. ಹೆಗ್ಗದ್ದೆ ಕಡೆಯ ರಸ್ತೆಯಲ್ಲಿ ಜೀಪು ಬಿಟ್ಟು, ಹಳ್ಳದ ಮೇಲಿನ ಮರದ ಸಂಕ ದಾಟಿ, ತೋಟದ ದಾರಿ ಹತ್ತಿದರೆ ಮೊದಲು ಸಿಗುವುದೇ ನಮ್ಮ ಕಣ. ಸುಗ್ಗಿಯಲ್ಲಿ ಅಲ್ಲಿ ತೊಳೆದ ಕಾಫಿಬೀಜ ಒಣಗುತ್ತಿರುತ್ತಿತ್ತು. ಅದರ ಹುಳಿ ವಾಸನೆಯಲ್ಲೇ ಕೂತು ನಾವು ಮಕ್ಕಳು ಹುಚ್ಚೆಳ್ಳು ಚಟ್ನಿ ಸವರಿದ ಅಕ್ಕಿರೊಟ್ಟಿ ತಿನ್ನುತ್ತಾ ಕೋಳಿ ಓಡಿಸುತ್ತಿದ್ದೆವು. ಅಂಚಿನಲ್ಲಿ ಕುಂಟೆಬಿಲ್ಲೆ ಆಡಬಹುದಿತ್ತು. ಬೀಜದ ಮೇಲೆ ಚಪ್ಪಲಿಗಾಲು ಇಟ್ಟರೆ ಮಾತ್ರ ಅಜ್ಜಿ ಬೆನ್ನಿಗೊಂದು ಬಿಡುತ್ತಿದ್ದಳು.

ಅಜ್ಜಿ ಅಭ್ಯರ್ಥಿಗಳನ್ನು ಅಳೆಯುತ್ತಿದ್ದುದೂ ಈ ಕಣದಲ್ಲೇ. ಭಾಷಣ, ಕರಪತ್ರ ಯಾವುದೂ ಅವಳಿಗೆ ಬೇಡ. ಜಗಲಿಯ ಕಂಬಕ್ಕೆ ಒರಗಿ, ಬಂದವನು ಕಣ ಬಳಸಿ ಬರುತ್ತಾನೋ, ತುಳಿದು ಬರುತ್ತಾನೋ ನೋಡುತ್ತಿದ್ದಳು. ಅಷ್ಟರಲ್ಲಿ ಅವನ ಬುದ್ಧಿ, ಗುಣ ಎರಡೂ ಅವಳಿಗೆ ತಿಳಿದುಬಿಡುತ್ತಿದ್ದವು. ಊರಿನವರೂ ನಂಬಿದ್ದರು. "ಅಮ್ಮ, ಈ ಸಲ ಯಾರ್ಗೆ?" ಎಂದು ಒಬ್ಬೊಬ್ಬರೇ ಬಂದು ಕೇಳಿ ಹೋಗುತ್ತಿದ್ದರು. ನನಗೋ ಅದರ ಜಂಬ ಹೇಳತೀರದು!

ಆ ವರ್ಷ ಪಂಚಾಯ್ತಿಗೆ ಇಬ್ಬರು ನಿಂತಿದ್ದರು. ಸಂಕದ ಜಾಗದಲ್ಲಿ ಗಟ್ಟಿ ಸೇತುವೆ ಮಾಡಿಸುತ್ತೇವೆ ಎಂದು ಇಬ್ಬರೂ ಹೇಳಿದ್ದರು. ಚಂದ್ರಣ್ಣ ಬಂದವನೇ ಚಪ್ಪಲಿ ಕಳಚಿ, ಕಣದ ಅಂಚು ಹಿಡಿದು ಬಳಸಿ ಬಂದ. ಆಚೆ ಚೆಲ್ಲಿದ್ದ ಬೀಜ ಹೆಕ್ಕಿ ಒಳಗೆ ಹಾಕಿದ. ಮಲ್ಲೇಶ ಮಾತಾಡುತ್ತಲೇ ನಡುಕಣದಲ್ಲಿ ನಡೆದುಬಿಟ್ಟ. ಕಾಲಡಿ ಬೀಜ ಚಟಚಟ ಒಡೆದದ್ದೂ ಅವನಿಗೆ ಕೇಳಿಸಲಿಲ್ಲ.

"ಸಂಕದ್ ಹಲ್ಗೆ ಅಲ್ಲಾಡ್ತೈತೆ ಕಣವ್ವ, ಈಗ್ ತಾನೇ ಹಳ್ಳಕ್ಕಿಳ್ದು ನೋಡ್ದೆ," ಎಂದ. ಅವನ ಪಂಚೆ ಮೊಣಕಾಲವರೆಗೆ ಒದ್ದೆಯಾಗಿತ್ತು.

ಅಜ್ಜಿಯ ಕಿರಿಮಗಳು ಸರೋಜ ಚಿಕ್ಕಿ ಹಳ್ಳದಾಚೆಯ ಅಂಗನವಾಡಿಯಲ್ಲಿ ಕೆಲಸಕ್ಕಿದ್ದಳು. ದಿನಾ ಆ ಸಂಕ ದಾಟುವವಳು ಅವಳೇ. ಅವತ್ತು ಅಜ್ಜಿಯ ಜೊತೆ ಜಗಳಕ್ಕೇ ನಿಂತಳು.

"ಅವ್ವ, ಇಳ್ದು ನೋಡ್ದೋನು ಅವ್ನೊಬ್ನೇ. ಅವ್ನಿಗೇ ಹಾಕಾಣ."

"ಕಾಲ್ ಎಲ್ಲಿಕ್ತೀನಿ ಅನ್ನೋ ಗ್ಯಾನ ಇಲ್ದೋನು ಊರ್ ಏನ್ ನೋಡ್ಕಂತಾನೆ? ಸುಮ್ಕಿರೆ."

"ಹಂಗಾರೆ ನಿನ್ ಕಾಫಿ ಉಳೀತು ಬುಡವ್ವ," ಎಂದು ಚಿಕ್ಕಿ ನಕ್ಕುಬಿಟ್ಟಳು. ಅವಳ ಕೋಪವೆಲ್ಲ ನಗುವಿನಲ್ಲೇ ಮುಗಿಯುತ್ತಿತ್ತು.

ಚಂದ್ರಣ್ಣ ಗೆದ್ದ. ಗೆದ್ದ ಮೇಲೂ ಅವನು ಹಾಗೇ, ಯಾರ ಮನಸ್ಸನ್ನೂ ತುಳಿಯದೆ ಬಳಸಿ ಬಳಸಿ ನಡೆದ. ಎಸ್ಟೇಟಿನವರು ರಸ್ತೆ ಕೇಳಿದರೆ ಹೂಂ, ನಾವು ಸೇತುವೆ ಕೇಳಿದರೂ ಹೂಂ. ಎಸ್ಟೇಟಿಗೆ ರಸ್ತೆಯಾಯಿತು. ಮಳೆಗಾಲ ಬಂದಾಗ ನಮ್ಮ ಸಂಕ ಹಾಗೇ ಇತ್ತು.

ಆಷಾಢದ ಒಂದು ಮಧ್ಯಾಹ್ನ ಅಂಗನವಾಡಿಯಿಂದ ಹೊರಟ ಚಿಕ್ಕಿ ಮನೆಗೆ ಬರಲಿಲ್ಲ. ಹೋಗಿ ನೋಡಿದರೆ ಸಂಕದ ನಡುವಿನ ಹಲಗೆ ಇರಲಿಲ್ಲ. ಹಗ್ಗ ಬರಲಿ, ನೀರು ಇಳಿಯಲಿ ಎನ್ನುತ್ತಾ ಗಂಡಸರೆಲ್ಲ ದಡದಲ್ಲಿ ನಿಂತಿದ್ದರು. ಚಂದ್ರಣ್ಣನೂ ಕೊಡೆ ಹಿಡಿದು ಅವರ ನಡುವೆ ಇದ್ದ. ಸುದ್ದಿ ಕೇಳಿ ಓಡಿ ಬಂದ ಮಲ್ಲೇಶ ಯಾರನ್ನೂ ಕೇಳಲಿಲ್ಲ, ಕಾಲಡಿ ನೋಡಲಿಲ್ಲ. ಅವತ್ತು ಕಣದಲ್ಲಿ ನಡೆದಂತೆಯೇ ಹಳ್ಳಕ್ಕೆ ಇಳಿದುಬಿಟ್ಟ. ಕೆಳಗಿನ ತಿರುವಿನಲ್ಲಿ ಬೇರಿಗೆ ಸಿಕ್ಕಿದ್ದ ಚಿಕ್ಕಿಯನ್ನು ಎತ್ತಿಕೊಂಡು ಬಂದವನು ಅವನೇ. ಅವಳಲ್ಲಿ ಉಸಿರಿರಲಿಲ್ಲ.

ಅವಳನ್ನು ಹೊತ್ತು ಅವನು ಖಾಲಿ ಕಣ ದಾಟುವಾಗ ಅಜ್ಜಿ ಅವನ ಕಾಲನ್ನೇ ನೋಡುತ್ತಿದ್ದಳು. ಬರಿಗಾಲು ಕಲ್ಲಿಗೆ ತಾಗಿ ಒಡೆದು ರಕ್ತ ಬರುತ್ತಿತ್ತು.

"ಅವತ್ತೂ ನೀನ್ ಹಿಂಗೇ ಬಂದ್ಯಲ್ಲೋ ಮಗಾ," ಎಂದಳು.

ಆಮೇಲೆ ಅಜ್ಜಿ ಯಾರಿಗೂ ಓಟಿನ ಮಾತು ಹೇಳಲಿಲ್ಲ. ಓಟಿನ ಕಾಲ ಬಂದರೆ, ಒಣಗಿರಲಿ ಬಿಡಲಿ, ಕಾಫಿಯನ್ನೆಲ್ಲ ರಾಶಿ ಮಾಡಿಸಿ ಟಾರ್ಪಾಲು ಹೊದಿಸಿ ಕಣ ಗುಡಿಸಿಬಿಡುತ್ತಿದ್ದಳು.

ಈಗ ಹಳ್ಳಕ್ಕೆ ಸಿಮೆಂಟಿನ ಸೇತುವೆ ಇದೆ. ಓಟು ಕೇಳುವವರು ಕಾರಿನಲ್ಲೇ ಬಂದು, ಕಿಟಕಿಯಿಂದ ಕೈ ಮುಗಿದು, ಕೆಳಗಿಳಿಯದೆ ತಿರುಗಿ ಹೋಗುತ್ತಾರೆ. ಮೊಬೈಲಿನಲ್ಲಿ ಅವರ ಮುಖ ದಿನಾ ಬರುತ್ತದೆ, ಕಾಲು ಕಾಣುವುದಿಲ್ಲ. ಕಂಡರೂ ಅದನ್ನು ನಂಬುವ ಧೈರ್ಯ ನನಗಿಲ್ಲ. ಅಜ್ಜಿ ಹೋದಳು, ಯಾರಿಗೆ ಎಂದು ಕೇಳಿಕೊಂಡು ಬರುವ ಊರೂ ಹೋಯಿತು. ಆದರೂ ಕಾಫಿ ಹರವಿದ ದಿನ ಒಮ್ಮೊಮ್ಮೆ ಯಾರೋ ನಡುಕಣದಲ್ಲಿ ನಡೆದಂತೆ ಬೀಜ ಚಟಚಟ ಎನ್ನುತ್ತದೆ. ಎದ್ದು ಹೋಗಿ ನೋಡುತ್ತೇನೆ. ಒಂದು ಬೀಜವೂ ಒಡೆದಿರುವುದಿಲ್ಲ. ನಿನ್ ಕಾಫಿ ಉಳೀತು ಬುಡವ್ವ ಎಂದು ಚಿಕ್ಕಿ ನಗುವುದು ಮಾತ್ರ ಕೇಳುತ್ತದೆ.