ಉಡಿ ಬೇಡವೆಂದ ಅಭ್ಯರ್ಥಿ

ಗ್ರಾಮ ಪಂಚಾಯ್ತಿ ಚುನಾವಣೆಗೆ ನಿಂತದ್ದನ್ನು ನಾನು ಹೇಳಿದರೆ ಒಂದು ಕತೆ, ನನ್ನ ಗಂಡ ಹೇಳಿದರೆ ಇನ್ನೊಂದು. ಅವರ ಕತೆಯಲ್ಲಿ ನಾನು ಮೊದಲ ದಿನದಿಂದಲೇ ಗಟ್ಟಿಗಿತ್ತಿ. ನನಗೆ ನೆನಪಿರುವುದು, ನಾಮಪತ್ರ ಕೊಟ್ಟು ಹೊರಬಂದವಳು ಗಾಬರಿಯಲ್ಲಿ ಬೇರೆ ಯಾರದೋ ಚಪ್ಪಲಿ ಮೆಟ್ಟಿಕೊಂಡು ಬಂದದ್ದು. ಅದೂ ಅಂದೇ ಆಯಿತೋ, ಇನ್ಯಾವುದೋ ದಿನದ್ದನ್ನು ತಂದು ಅಲ್ಲಿ ಕೂಡಿಸಿದ್ದೇನೋ, ಆಣೆ ಮಾಡಿ ಹೇಳಲಾರೆ.

ಯಾಕೆ ನಿಂತೆ ಎಂಬುದರಲ್ಲಿ ಮಾತ್ರ ನಮ್ಮಿಬ್ಬರಿಗೆ ತಕರಾರಿಲ್ಲ. ನೀರಿಗಾಗಿ. ಬೈಲಹೊಂಗಲದ ರಸ್ತೆಗುಂಟ ಊರು ಬೆಳೆದು ಜೋಳದ ಹೊಲಗಳೆಲ್ಲ ಪ್ಲಾಟುಗಳಾಗಿದ್ದವು. ಮನೆ ಎದ್ದವು, ನಳ ಬರಲಿಲ್ಲ. ವಾರ್ಡು ಮಹಿಳೆಗೆ ಮೀಸಲಾದಾಗ, ಟ್ಯಾಂಕರಿನ ಮುಂದೆ ಕೊಡ ಹಿಡಿದು ನಿಂತಿದ್ದ ಪ್ಲಾಟಿನ ಹೆಂಗಸರೇ ನನ್ನನ್ನು ಒಪ್ಪಿಸಿದರು. ಆದರೆ ಅವರಲ್ಲಿ ಬಹಳ ಮಂದಿಯ ಓಟು ಇನ್ನೂ ಕಟಕೋಳ, ಸವದತ್ತಿ ಕಡೆಯ ತಮ್ಮ ಹಳೆಯ ಊರುಗಳಲ್ಲೇ ಇತ್ತು. ಗೆಲ್ಲಬೇಕೆಂದರೆ ಅದೇ ವಾರ್ಡಿಗೆ ಸೇರಿದ ಹಳೇ ಓಣಿಗಳು ಕೈ ಹಿಡಿಯಬೇಕು.

ಅದು ಸುಲಭವೆಂದೇ ತಿಳಿದಿದ್ದೆ. ನಾನು ಹುಟ್ಟಿದ್ದೇ ಅಲ್ಲಿಯ ಒಂದು ಓಣಿಯಲ್ಲಿ. ಮದುವೆಯಾಗಿ ರಾಮದುರ್ಗಕ್ಕೆ ಹೋಗಿ, ಆಮೇಲೆ ಗಂಡನೊಂದಿಗೆ ತಿರುಗಿ ಬಂದು ಪ್ಲಾಟಿನಲ್ಲಿ ಮನೆ ಕಟ್ಟಿದವಳು. ನನ್ನ ಎದುರಾಳಿ ಆ ಓಣಿಗೆ ಸೊಸೆಯಾಗಿ ಬಂದವಳು. ಓಣಿಯ ನಂಟಿನಲ್ಲಿ ಆಕೆಯನ್ನು ನಾನು ಮೊದಲಿನಿಂದಲೂ ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದೆ.

ಓಟು ಕೇಳಲು ಹೋದಲ್ಲೆಲ್ಲ, "ಊರ ಮಗಳು ಬಂದಾಳ, ಕುಂಡ್ರಸ್ರಿ" ಎಂದು ಕೂಡಿಸಿ ಉಡಿ ತುಂಬಿದರು. ಸೆರಗಿನ ತುಂಬ ಅಕ್ಕಿ, ಕೊಬ್ಬರಿ ಬಟ್ಟಲು, ಕುಪ್ಪಸದ ಖಣ. ಸಂಜೆ ಗಂಡ ಆ ಕೊಬ್ಬರಿಯನ್ನು ಮಂಚದ ಮೇಲೆ ಸಾಲಾಗಿ ಹಚ್ಚುತ್ತಿದ್ದರು.

"ಇದು ಮ್ಯಾಲಿನ ಓಣಿ, ಇದು ಕೆಳಗಿನ ಓಣಿ. ಇಷ್ಟ ಕೊಬ್ಬರಿ ಬಂದ ಮ್ಯಾಲ ಸೋಲೂದು ಹೆಂಗ?"

ನಾನೂ ನಂಬಿದೆ.

ಎದುರಾಳಿಯ ಮನೆಯನ್ನು ಬಿಟ್ಟು ಮುಂದೆ ಹೋಗುವುದು ನಮ್ಮಲ್ಲಿ ಸಣ್ಣತನ. ಅಲ್ಲಿಗೂ ಹೋದೆ.

"ವೈನಿ, ನಿಮ್ಮ ಓಟು ನನಗ ಬೇಕ್ರಿ."

"ಬಾ ನಾದಿನಿ. ಓಟು ನನಗ ಹಾಕ್ಕೊಂತೇನಿ, ಉಡಿ ನಿನಗ ತುಂಬತೇನಿ."

"ಎಲ್ಲಾ ಮನ್ಯಾಗೂ ತುಂಬ್ಯಾರ. ನಿಮ್ಮ ಡಿಪಾಜಿಟ್ ಹೋಗತೈತಿ ನೋಡ್ರಿ."

ಆಕೆ ಅಕ್ಕಿ ಹಾಕುತ್ತಲೇ ನಕ್ಕಳು. "ಹುಚ್ಚಿ, ಉಡಿ ಯಾರಿಗೆ ತುಂಬತಾರ? ಕಳಿಸಿಕೊಡೂ ಮಗಳಿಗೆ. ಮನಿ ಕೀಲಿಕೈ ಸೊಸಿ ಸೊಂಟದಾಗ ಇರತೈತಿ."

ನಾನೂ ನಕ್ಕೆ. ಮನೆಗೆ ಹೋಗುತ್ತ ಒಂದೊಂದೇ ಮನೆಯ ಮಾತು ನೆನಪಿಸಿಕೊಂಡೆ. ಎಲ್ಲ ಮನೆಯವರೂ ನನಗೆ "ಹೋಗಿ ಬಾರವ್ವ" ಎಂದಿದ್ದರೇ ಹೊರತು, ಒಬ್ಬರೂ ತಮ್ಮ ಕಷ್ಟ ಹೇಳಿಕೊಂಡಿರಲಿಲ್ಲ.

ಮರುದಿನ ಮೊದಲ ಮನೆಯಲ್ಲೇ ಉಡಿ ಬೇಡವೆಂದೆ. ಆ ಮನೆಯ ಅಜ್ಜಿ ಹೌಹಾರಿದಳು.

"ತವರಮನಿ ಉಡಿ ಒಲ್ಲೆ ಅಂತೀಯೇನು?"

"ಆಮ್ಯಾಲ ತುಂಬೀರಂತ ಆಯಿ. ಇವತ್ತ ಮಗಳಾಗಿ ಬಂದಿಲ್ಲ. ನಿಮ್ಮ ತ್ರಾಸ ಏನೈತಿ ಹೇಳ್ರಿ."

"ಹೇಳಾಕ ಕುಂತ್ರ ಸಂಜಿ ಆಕೈತಿ."

"ಆಗಲಿ."

ಹೆಚ್ಚುಕಡಿಮೆ ಸಂಜೆಯೇ ಆಯಿತು. ಗಟಾರದ ನೀರು ಹೊಸ್ತಿಲಿಗೆ ಬರುವುದು, ಹಗಲು ಉರಿದು ರಾತ್ರಿ ಆರುವ ಬೀದಿದೀಪ, ಎಲ್ಲ ಹೊರಬಂತು. ದೀಪ ಹಚ್ಚಿದ ಮೇಲೆ ಹೊಕ್ಕ ಮುಂದಿನ ಮನೆಗಳಲ್ಲಿ ಜಗಳವನ್ನೇ ತೆಗೆದರು. "ಪ್ಲಾಟಿನವರಿಗೆ ನೀರು ಕೊಟ್ರ ನಮಗ ಏನ ಉಳೀತೈತಿ?" ಎಂದು ಒಬ್ಬಳು ಕೈ ತಿರುವಿ ಕೇಳಿದಳು. ಗಂಟಲು ಹರಿಯುವಷ್ಟು ಉತ್ತರ ಕೊಟ್ಟೆ. ಬರಿ ಸೆರಗಿನಲ್ಲಿ ಮನೆಗೆ ಬಂದವಳನ್ನು ನೋಡಿ ಗಂಡ, "ಒಂದೂ ಕೊಬ್ಬರಿ ಇಲ್ಲ? ಕೆಲಸ ಕೆಟ್ಟಿತು" ಎಂದು ತಲೆಗೆ ಕೈ ಹಚ್ಚಿಕೊಂಡರು.

ಗೆದ್ದೆ. ಅಂತರ ಬಹಳ ಸಣ್ಣದು. ಗಂಡ ಹೇಳಿದಾಗೊಮ್ಮೆ ಅದು ಬೆಳೆಯುತ್ತದೆ, ನಾನು ತಿದ್ದಲು ಹೋಗುವುದಿಲ್ಲ. ಉಡಿ ಬಿಟ್ಟಿದ್ದಕ್ಕೇ ಗೆದ್ದೆನೆಂದರೆ ಕತೆ ಚೆಂದವಾಗುತ್ತದೆ. ಆದರೆ ವೈನಿಯ ಮೇಲಿನ ಹಳೆಯ ಸಿಟ್ಟಿಗೆ ನನಗೆ ಓಟು ಒತ್ತಿದವರೂ ಇದ್ದಿರಬೇಕು.

ಪ್ಲಾಟಿಗೆ ನಳ ಬರಲು ಇನ್ನೂ ಬಹಳ ಓಡಾಟವಾಯಿತು. ಕೊನೆಗೊಂದು ಬೆಳಗ್ಗೆ ನೀರು ಬಂತು, ಕೆಂಪಗೆ.

"ಏನ್ರಿ ಮೆಂಬರ್ರ, ರಾಡಿ ಬರಾಕತ್ತೈತಿ! ನೀವು ಕುಡೀತೀರೇನು ಇದನ್ನ?" ಎಂದು ಪಕ್ಕದ ಮನೆಯವಳು ಕೂಗುವಷ್ಟರಲ್ಲಿ ವೈನಿಯ ಫೋನು.

"ನಮ್ಮ ನಳದ ಜೋರು ಕಡಿಮಿ ಆಗೇತಿ. ಬಾ ಇಲ್ಲಿ, ಜಗಳಾಡೂದೈತಿ."

ಹೋದೆ. ಆಕೆ ಕೂಡಿಸಲಿಲ್ಲ, ಉಡಿಯ ಮಾತೆತ್ತಲಿಲ್ಲ; ಬಾಗಿಲಲ್ಲೇ ನಿಲ್ಲಿಸಿ, ಓಣಿಗೆಲ್ಲ ಕೇಳುವಂತೆ ಬೈದಳು. ನಾನು ನಗು ತಡೆದುಕೊಂಡು ನೀರು ಬಿಡುವವನಿಗೆ ಫೋನು ಹಚ್ಚಿದೆ.